ಬೆಳ್ಳಿಯ ರಕ್ಷಾಕವಚ: ತುರ್ಕಮೆನ್ ಕುಲಗಳ ಪ್ರಾಚೀನ ಆಭರಣಗಳೂ ತಾಯಿತಗಳೂ

ಆಭರಣವನ್ನು ಮನುಷ್ಯನು ಅಂದಕ್ಕಾಗಿ ಮಾತ್ರವೇ ತೊಟ್ಟನೆಂಬುದು ಅರ್ಧಸತ್ಯ. ಅಂದವನ್ನು ಕಾಣುವುದಕ್ಕೆ ಮೊದಲೇ ಅವನು ಭಯವನ್ನು ಕಂಡಿದ್ದನು. ಹಸುಳೆಯ ಮರಣ, ಬಾಣಂತಿಯ ಜ್ವರ, ದಾರಿಯ ಕಳ್ಳ, ನೆರೆಯವರ ಕೆಟ್ಟ ದೃಷ್ಟಿ ಇವೆಲ್ಲವುಗಳ ಎದುರಿಗೆ ಬರಿಗೈಯಲ್ಲಿ ನಿಲ್ಲಲಾರದ ಜೀವವು ಒಂದು ಕಲ್ಲನ್ನೋ ಮರದ ಚೂರನ್ನೋ ಲೋಹದ ತಗಡನ್ನೋ ಮೈಮೇಲೆ ಕಟ್ಟಿಕೊಂಡಿತು. ಕಾಲಾಂತರದಲ್ಲಿ ಅದೇ ರಕ್ಷೆಯು ಶೃಂಗಾರವಾಯಿತು. ಆದರೆ ಕೆಲವು ಜನಾಂಗಗಳಲ್ಲಿ ಶೃಂಗಾರವು ತನ್ನ ಮೂಲವನ್ನು ಮರೆಯಲಿಲ್ಲ. ಮಧ್ಯ ಏಷ್ಯದ ತುರ್ಕಮೆನ್ ಕುಲಗಳ ಬೆಳ್ಳಿಯ ಒಡವೆಗಳು ಈ ಮಾತಿಗೆ ಉತ್ತಮ ನಿದರ್ಶನವಾಗಿವೆ. ಅವುಗಳ ಚರಿತ್ರೆಯು ಒಂದು ಕಲೆಯ ಚರಿತ್ರೆಯಾಗಿರುವಂತೆಯೇ ಒಂದು ಜನಾಂಗದ ಭಯದ, ಭರವಸೆಯ ಮತ್ತು ಪತನದ ಚರಿತ್ರೆಯೂ ಆಗಿದೆ.

ಕಾಸ್ಪಿಯನ್ ಸಮುದ್ರದ ಪೂರ್ವದಂಡೆಯಿಂದ ಅಮು ದರ್ಯಾ ನದಿಯವರೆಗೆ ಕಾರಾಕುಂ ಎಂಬ ಮಹಾಮರುಭೂಮಿ ಹಬ್ಬಿದೆ. ಆ ಹೆಸರಿಗೆ 'ಕಪ್ಪು ಮರಳು' ಎಂದರ್ಥ. ಇದರ ಅಂಚಿನ ಓಯಸಿಸ್‌ಗಳಲ್ಲಿ ಬೇಸಾಯ ಮಾಡಿಕೊಂಡೂ, ಹುಲ್ಲಿರುವ ಕಡೆ ಕುರಿ, ಒಂಟೆ, ಕುದುರೆಗಳನ್ನು ಮೇಯಿಸಿಕೊಂಡೂ ಬಾಳಿದವರು ತುರ್ಕಮೆನ್ನರು. ಇವರು ಸಿರ್ ದರ್ಯಾ ನದಿಯ ಸೀಮೆಯಿಂದ ಬಂದ ಓಗುಜ್ ತುರ್ಕರ ಸಂತತಿಯವರು. 11ನೆಯ ಶತಮಾನದ ವಿದ್ವಾಂಸನಾದ ಮಹಮೂದ್ ಕಾಶ್ಗರಿಯು ತನ್ನ ತುರ್ಕಿ ನಿಘಂಟಿನಲ್ಲಿ ಓಗುಜ್ ಕುಲಗಳನ್ನು ಅವುಗಳ ಮುದ್ರೆಗಳೊಡನೆ ಪಟ್ಟಿ ಮಾಡಿದ್ದಾನೆ. ಅದರಲ್ಲಿ ಬರುವ ಸಾಲೂರ್ ಕುಲದ ಹೆಸರು ಇಂದಿಗೂ ಉಳಿದಿದೆ. ತೆಕೆ, ಯೊಮುತ್, ಎರ್ಸಾರಿ, ಸಾರಿಕ್, ಚೌದುರ್, ಗೋಕ್ಲೆನ್ ಎಂಬುವು ಇತರ ಮುಖ್ಯ ಕುಲಗಳು. ಇವರಿಗೆ ಬಹುಕಾಲ ಸ್ವಂತ ರಾಜನಿರಲಿಲ್ಲ, ರಾಜಧಾನಿಯಿರಲಿಲ್ಲ, ಕೋಶಾಗಾರವೂ ಇರಲಿಲ್ಲ. ಡೇರೆಯನ್ನು ಒಂಟೆಯ ಮೇಲೆ ಹೇರಿಕೊಂಡು ನಡೆಯುವವರ ಸಂಪತ್ತು ಸಾಗಿಸಬಹುದಾದ ರೂಪದಲ್ಲಿರಬೇಕು. ಅಂತಹ ಸಂಪತ್ತು ಎರಡು ವಿಧವಾಗಿತ್ತು: ನೆಯ್ದ ರತ್ನಗಂಬಳಿ ಒಂದು, ಹೆಣ್ಣಿನ ಮೈಮೇಲಿನ ಬೆಳ್ಳಿ ಇನ್ನೊಂದು.

ಈ ಭೂಮಿಯಲ್ಲಿ ಆಭರಣದ ಕಲೆ ತುರ್ಕಮೆನ್ನರಿಗಿಂತ ಬಹಳ ಹಳೆಯದು. ಮರ್ವ್ ಸೀಮೆಯ ಗೋನೂರ್ ತೆಪೆಯಲ್ಲಿ ವಿಕ್ತರ್ ಸರಿಯಾನಿದಿ ನಡೆಸಿದ ಉತ್ಖನನಗಳಿಂದ ಕ್ರಿಸ್ತಪೂರ್ವ ಮೂರನೆಯ ಸಹಸ್ರಮಾನದ ಕೊನೆಗೆ ಸೇರಿದ ಒಂದು ಭವ್ಯ ನಗರ ಸಂಸ್ಕೃತಿ ಬೆಳಕಿಗೆ ಬಂದಿತು. ಅಲ್ಲಿ ಆನೆಯ ಚಿತ್ರವುಳ್ಳ ಒಂದು ಸಿಂಧೂ ಮುದ್ರೆಯೂ ದೊರೆಯಿತು. ಅಲ್ತಿನ್ ತೆಪೆಯಲ್ಲಿಯೂ ಸಿಂಧೂ ಮಾದರಿಯ ಮುದ್ರೆಗಳು ಸಿಕ್ಕಿವೆ. ಭಾರತಕ್ಕೂ ಕಾರಾಕುಂ ಅಂಚಿನ ಊರುಗಳಿಗೂ ನಾಲ್ಕು ಸಾವಿರ ವರ್ಷಗಳ ಹಿಂದೆಯೇ ವ್ಯವಹಾರವಿದ್ದಿತೆಂಬುದಕ್ಕೆ ಇವು ಸಾಕ್ಷಿ. 1978ರಲ್ಲಿ ಅಫಘಾನಿಸ್ತಾನದ ಉತ್ತರಭಾಗದ ತಿಲ್ಯಾ ತೆಪೆಯಲ್ಲಿ ಅದೇ ಸರಿಯಾನಿದಿ ತೆರೆದ ಆರು ಗೋರಿಗಳಲ್ಲಿ ಪಿರೋಜಾ ಕಲ್ಲುಗಳನ್ನು ಕೂರಿಸಿದ ಚಿನ್ನದ ಒಡವೆಗಳು ಇಪ್ಪತ್ತು ಸಾವಿರಕ್ಕೂ ಮಿಕ್ಕಿ ದೊರೆತವು. ಕ್ರಿಸ್ತಶಕ ಮೊದಲನೆಯ ಶತಮಾನದ ಸುಮಾರಿನ ಅಲೆಮಾರಿ ಕುಲೀನರ ಗೋರಿಗಳು ಅವು. ಆದರೆ ಈ ಪ್ರಾಚೀನರಿಂದ ತುರ್ಕಮೆನ್ನರವರೆಗೆ ಕಡಿಯದ ಒಂದು ಪರಂಪರೆ ಹರಿದು ಬಂದಿದೆಯೆಂದು ಹೇಳುವುದು ದುಡುಕಾಗುತ್ತದೆ. ಇಂದು ಉಳಿದಿರುವ ತುರ್ಕಮೆನ್ ಒಡವೆಗಳಲ್ಲಿ ಹೆಚ್ಚಿನವು 19ನೆಯ ಶತಮಾನಕ್ಕೂ 20ನೆಯ ಶತಮಾನದ ಆದಿಭಾಗಕ್ಕೂ ಸೇರಿದವು. ಹಳೆಯದನ್ನು ಕರಗಿಸಿ ಹೊಸದನ್ನು ಮಾಡಿಸುವ ವಾಡಿಕೆಯೇ ಇದಕ್ಕೆ ಕಾರಣ. ಉಳಿದು ಬಂದದ್ದು ಒಡವೆಗಿಂತ ಹೆಚ್ಚಾಗಿ ಆಕಾರ.

ಮರುಭೂಮಿಯಲ್ಲಿ ಬೆಳ್ಳಿ ಬೆಳೆಯುವುದಿಲ್ಲ. ಹಾಗಾದರೆ ತುರ್ಕಮೆನ್ ಹೆಣ್ಣುಮಕ್ಕಳ ಮೈಮೇಲಿನ ಅಷ್ಟು ಬೆಳ್ಳಿ ಎಲ್ಲಿಂದ ಬಂತು? ಪರ್ಷಿಯದ, ಬುಖಾರಾದ, ರಷ್ಯದ ನಾಣ್ಯಗಳೇ ಅದರ ಮುಖ್ಯ ಆಕರ. ಕುದುರೆ, ಉಣ್ಣೆ, ಗಂಬಳಿಗಳನ್ನು ಮಾರಿ ಪಡೆದ ನಾಣ್ಯಗಳು ಅಕ್ಕಸಾಲೆಯ ಮೂಸೆಯನ್ನು ಸೇರುತ್ತಿದ್ದವು; ಕೆಲವು ಹಾಗೆಯೇ ಅಂಗಿಯ ಎದೆಭಾಗದ ಮೇಲೆ ಹೊಲಿಯಲ್ಪಡುತ್ತಿದ್ದವು. ಇತಿಹಾಸವು ಇನ್ನೊಂದು ಆಕರವನ್ನೂ ಹೇಳಲೇಬೇಕಾಗಿದೆ. ತುರ್ಕಮೆನ್ ಸವಾರರು ಪರ್ಷಿಯದ ಖುರಾಸಾನ್ ಸೀಮೆಯ ಹಳ್ಳಿಗಳ ಮೇಲೆ ದಾಳಿಯಿಟ್ಟು, ಸೆರೆಹಿಡಿದವರನ್ನು ಖೀವಾ ಮತ್ತು ಬುಖಾರಾ ಪಟ್ಟಣಗಳ ಸಂತೆಯಲ್ಲಿ ದಾಸರನ್ನಾಗಿ ಮಾರುತ್ತಿದ್ದರು, ಇಲ್ಲವೆ ಬಿಡುಗಡೆಯ ಹಣವನ್ನು ಪಡೆಯುತ್ತಿದ್ದರು. 1873ರಲ್ಲಿ ರಷ್ಯನ್ನರು ಖೀವಾವನ್ನು ಗೆದ್ದ ಮೇಲೆಯೇ ಅಲ್ಲಿ ದಾಸ್ಯವು ರದ್ದಾಯಿತು. ಮಗಳ ಕೊರಳಿಗೆ ರಕ್ಷೆಯಾದ ಬೆಳ್ಳಿಯಲ್ಲಿ ಮತ್ತೊಬ್ಬರ ಮಗಳ ಕಣ್ಣೀರೂ ಕರಗಿದ್ದಿರಬಹುದು. ಭಯದಿಂದ ತಾಯಿತ ಕಟ್ಟಿಕೊಂಡ ಜನರೇ ನೆರೆಯವರಿಗೆ ಭಯವಾಗಿದ್ದರೆಂಬ ಈ ವಿರೋಧವನ್ನು ಮುಚ್ಚಿಟ್ಟು ಆ ಒಡವೆಗಳ ಅಂದವನ್ನು ಕೊಂಡಾಡುವುದು ಚರಿತ್ರೆಗೆ ಒಪ್ಪುವ ಮಾತಲ್ಲ.

ಬೆಳ್ಳಿಯ ಜೊತೆಗೆ ಎದ್ದು ಕಾಣುವುದು ಕೆಂಪು ಅಕೀಕು ಕಲ್ಲು. ತುರ್ಕಮೆನ್ ಒಡವೆಯೆಂದರೆ ಬಿಳಿಯ ಬೆಳ್ಳಿ, ಹೊಂಬಣ್ಣದ ಲೇಪ, ನಡುವೆ ಕೆಂಡದಂತೆ ಉರಿಯುವ ಈ ಕಲ್ಲು. ಇವು ಮೂರೂ ಕೂಡಿದ ರೂಪವೇ ಕಣ್ಣಿಗೆ ಕಟ್ಟುತ್ತದೆ. ಈ ಕಲ್ಲಿಗೂ ಭಾರತಕ್ಕೂ ಹಳೆಯ ನಂಟಿದೆ. ಗುಜರಾತಿನ ರತನಪುರದ ಸುತ್ತಣ ಗಣಿಗಳಲ್ಲಿ ಅಗೆದು ತೆಗೆದ ಅಕೀಕನ್ನು ಬಿಸಿಲಿನಲ್ಲಿ ಒಣಗಿಸಿ, ಮಡಕೆಗಳಲ್ಲಿಟ್ಟು ಬೆಂಕಿಯಲ್ಲಿ ಕಾಯಿಸುತ್ತಾರೆ. ಕಲ್ಲಿನೊಳಗಿನ ಕಬ್ಬಿಣದ ಅಂಶವು ಶಾಖದಿಂದ ಮಾರ್ಪಟ್ಟು ಮಾಸಲು ಕಂದುಬಣ್ಣವು ರಕ್ತವರ್ಣಕ್ಕೆ ತಿರುಗುತ್ತದೆ. ಖಂಭಾತಿನ ಕುಶಲಿಗಳು ಅದನ್ನು ಕಡೆದು ಮಣಿಮಾಡುತ್ತಾರೆ. ಸಿಂಧೂ ನಾಗರಿಕತೆಯ ಕಾಲದಿಂದಲೂ ಗುಜರಾತಿನಲ್ಲಿ ನಡೆದು ಬಂದಿರುವ ವೃತ್ತಿಯಿದು. ಭಾರತದ ವರ್ತಕರು ಬುಖಾರಾ ಮೊದಲಾದ ನಗರಗಳಲ್ಲಿ ನೆಲೆಸಿ ವ್ಯಾಪಾರ ಮಾಡುತ್ತಿದ್ದ ಶತಮಾನಗಳಲ್ಲಿ ಈ ಕಲ್ಲುಗಳೂ ಉತ್ತರಕ್ಕೆ ಸಾಗಿದವು. ಕೆಂಪು ರಕ್ತದ ಬಣ್ಣ, ಜೀವದ ಬಣ್ಣ. ಅದು ಹೆರಿಗೆಯಲ್ಲಿ ಹೆಣ್ಣನ್ನು ಕಾಯುವುದೆಂದು ನಂಬಿಕೆ. ಪ್ರವಾದಿಯವರು ಅಕೀಕಿನ ಉಂಗುರವನ್ನು ಧರಿಸಿದ್ದರೆಂಬ ಮುಸ್ಲಿಮರ ಸಂಪ್ರದಾಯವೂ ಇದಕ್ಕೆ ಪುಷ್ಟಿಯನ್ನಿತ್ತಿತು. ಪರ್ಷಿಯದ ನಿಶಾಪುರದ ಪಿರೋಜಾ ಕಲ್ಲಿಗೂ ಮನ್ನಣೆಯಿದ್ದಿತು. ಆ ಹೆಸರಿನಲ್ಲಿಯೇ 'ಜಯ' ಎಂಬ ಅರ್ಥವು ಅಡಗಿದೆ. ಕಲ್ಲು ಸಿಕ್ಕದ ಬಡವರು ಅದೇ ಬಣ್ಣದ ಗಾಜನ್ನು ಕೂರಿಸಿಕೊಂಡರು. ಕೆಂಪು ಗಾಜೂ ಕಾಯುವುದೆಂಬ ನಂಬಿಕೆಯನ್ನು ನೋಡಿದರೆ, ಶಕ್ತಿಯು ಕಲ್ಲಿನ ಬೆಲೆಯಲ್ಲಿರದೆ ಅದರ ಬಣ್ಣದಲ್ಲಿದ್ದಿತೆಂದು ತಿಳಿಯುತ್ತದೆ.

ಅಕ್ಕಸಾಲೆಯನ್ನು ತುರ್ಕಮೆನ್ನರು 'ಜೆರ್ಗಾರ್' ಎಂದು ಕರೆಯುತ್ತಾರೆ. ವಿದ್ಯೆಯು ತಂದೆಯಿಂದ ಮಗನಿಗೆ ಬರುವುದು ವಾಡಿಕೆ. ಲೋಹವನ್ನು ಮೃದುಗೊಳಿಸುವ ವರವನ್ನು ಪಡೆದ ದಾವೂದನು ಈ ಕಸುಬುದಾರರ ಆದಿಗುರುವೆಂದು ಮಧ್ಯ ಏಷ್ಯದಲ್ಲೆಲ್ಲ ನಂಬಿಕೆಯಿದೆ. ಅವರ ಸಾಧನಗಳು ಸರಳ: ಅಡಿಗಲ್ಲು, ಸುತ್ತಿಗೆ, ತಿದಿ, ಕೆತ್ತುವ ಉಳಿ, ಅಚ್ಚು. ಚಿನ್ನವನ್ನು ಪಾದರಸದಲ್ಲಿ ಕರಗಿಸಿ ಬೆಳ್ಳಿಯ ಮೇಲೆ ಬಳಿದು ಕಾಯಿಸಿದರೆ ಪಾದರಸವು ಆವಿಯಾಗಿ ಹೋಗಿ ಚಿನ್ನದ ತೆಳುಪದರವು ಅಂಟಿಕೊಳ್ಳುತ್ತದೆ. ಆ ಆವಿಯು ವಿಷ. ಪರರ ಮಕ್ಕಳಿಗೆ ರಕ್ಷೆಯನ್ನು ಮಾಡಿಕೊಡುವ ಅಕ್ಕಸಾಲೆಯು ತನ್ನ ಉಸಿರಿಗೆ ವಿಷವನ್ನು ಬೆರೆಸಿಕೊಳ್ಳುತ್ತಿದ್ದನು. ಕುಲದಿಂದ ಕುಲಕ್ಕೆ ಶೈಲಿಯೂ ಬೇರೆ. ತೆಕೆ ಕುಲದವರ ಒಡವೆಗಳಲ್ಲಿ ಬಳ್ಳಿಗಳ ಕೆತ್ತನೆ, ನಡುನಡುವೆ ಕಂಡಿ ಬಿಡಿಸಿದ ಜಾಲರಿ ಕೆಲಸ ಮತ್ತು ಹೊಂಬಣ್ಣದ ಹಿನ್ನೆಲೆ ಕಾಣುತ್ತವೆ. ಯೊಮುತರು ಅಚ್ಚೊತ್ತಿದ ಚಿಕ್ಕ ಚಿಕ್ಕ ಹೊಂಬಣ್ಣದ ತಗಡುಗಳನ್ನು ಬೆಳ್ಳಿಯ ಮೇಲೆ ಸಾಲಾಗಿ ಬೆಸೆಯುತ್ತಾರೆ. ಎರ್ಸಾರಿಗಳ ಒಡವೆಗಳಲ್ಲಿ ಹೊನ್ನಿನ ಲೇಪ ವಿರಳ. ಬರಿಯ ಬೆಳ್ಳಿಯೇ ಅಲ್ಲಿನ ಶೋಭೆ. ಹೀಗಾಗಿ ದೂರದಿಂದ ಬರುವ ಹೆಣ್ಣಿನ ಕುಲವನ್ನು ಅವಳ ಒಡವೆಯಿಂದಲೇ ಗುರುತಿಸಬಹುದಾಗಿದ್ದಿತು.

ಕುಲವನ್ನಲ್ಲದೆ ವಯಸ್ಸನ್ನೂ ಒಡವೆಯು ಹೇಳುತ್ತಿದ್ದಿತು. ಮದುವೆಯಾಗದ ಹುಡುಗಿಯ ಟೋಪಿಯ ಮೇಲೆ 'ಗುಪ್ಬಾ' ಎಂಬ ಗುಮ್ಮಟದಂತಹ ಬೆಳ್ಳಿಯ ಶಿಖರ. ಮದುಮಗಳಿಗೆ ನೊಸಲಿನ ಮೇಲೆ 'ಎಗ್ಮೆ' ಎಂಬ ಬಾಗಿದ ಕಿರೀಟಪಟ್ಟಿ, ಕೆನ್ನೆಗಳ ಪಕ್ಕದಲ್ಲಿ ಇಳಿಬಿದ್ದ ಜೋಲುಗಳು, ಕೊರಳಪಟ್ಟಿಯಲ್ಲಿ 'ಗುಲ್ಯಾಕಾ' ಎಂಬ ದುಂಡು ಬಿಲ್ಲೆ, ಎದೆಯ ಮೇಲೆ 'ಬುಕಾವ್', ಕೈಗಳಿಗೆ ಸಾಲುಸಾಲು ಕಲ್ಲುಗಳ ಅಗಲವಾದ 'ಬಿಲೆಜಿಕ್' ಬಳೆಗಳು, ಬೆನ್ನಿನ ಮೇಲೆ ಜಡೆಗೆ ಕಟ್ಟಿದ ಹೃದಯಾಕಾರದ 'ಆಸಿಕ್'. ಕನ್ನಡನಾಡಿನ ಜಡೆಬಿಲ್ಲೆಯನ್ನು ನೋಡಿದವರಿಗೆ ಆಸಿಕ್ ಇರುವ ಸ್ಥಾನವು ಥಟ್ಟನೆ ಹೊಳೆಯುತ್ತದೆ. ಆದರೆ ಅದು ಎಷ್ಟೋ ವೇಳೆ ಗೇಣಿಗಿಂತಲೂ ದೊಡ್ಡದು. ಎಲ್ಲವೂ ಸೇರಿ ಹಲವು ಕಿಲೋಗ್ರಾಂ ತೂಕ. ಬುಕಾವ್ ಎಂಬ ಪದಕ್ಕೆ ತುರ್ಕಮೆನ್ ಭಾಷೆಯಲ್ಲಿ ಸಂಕೋಲೆಯೆಂಬ ಅರ್ಥವೂ ಇದೆಯೆಂಬುದು ವಿಚಾರಾರ್ಹವಾದ ಸಂಗತಿ. ಮಕ್ಕಳನ್ನು ಹೆತ್ತು, ನಡುವಯಸ್ಸನ್ನು ದಾಟಿದಂತೆ ಹೆಣ್ಣು ಒಂದೊಂದೇ ಒಡವೆಯನ್ನು ಕಳಚಿ ಮಗಳಿಗೂ ಸೊಸೆಗೂ ಕೊಡುತ್ತಾ ಬರುತ್ತಾಳೆ. ಮುದುಕಿಯ ಮೈಮೇಲೆ ಬೆಳ್ಳಿ ಅತ್ಯಲ್ಪ. ಹೆರುವ ಜೀವಕ್ಕೆ ಅಪಾಯ ಹೆಚ್ಚು, ಆದ್ದರಿಂದ ರಕ್ಷೆಯೂ ಹೆಚ್ಚು. ಆ ಕಾಲವು ಕಳೆದ ಮೇಲೆ ರಕ್ಷೆಯು ಮುಂದಿನವಳಿಗೆ ಸೇರಬೇಕು. ಆಭರಣವು ಬರಿಯ ಸಿರಿತನದ ಪ್ರದರ್ಶನವಾಗಿದ್ದರೆ ವಯಸ್ಸಾದ ಯಜಮಾನಿಯೇ ಎಲ್ಲರಿಗಿಂತ ಹೆಚ್ಚು ತೊಡಬೇಕಾಗಿತ್ತು.

ಒಡವೆಗಳ ನಡುವೆ ತಾಯಿತವೆಂದೇ ಹೆಸರುಳ್ಳವು ಬೇರೆ ಇವೆ. ಅವುಗಳಲ್ಲಿ 'ತುಮಾರ್' ಮುಖ್ಯವಾದುದು. ಅಡ್ಡಲಾಗಿ ಮಲಗಿಸಿದ ಒಂದು ಬೆಳ್ಳಿಯ ಕೊಳವೆ. ಅದರ ಮೇಲೆ ತ್ರಿಕೋನಾಕಾರದ ತಗಡು. ಕೆಳಗೆ ಸರಪಣಿಗಳು ಮತ್ತು ಗೆಜ್ಜೆಗಳು. ತುಮಾರ್ ಎಂಬ ಅರಬ್ಬಿ ಪದಕ್ಕೆ ಸುರುಳಿ ಸುತ್ತಿದ ಬರಹವೆಂದರ್ಥ. ಧರ್ಮಗ್ರಂಥದ ವಾಕ್ಯವನ್ನು ಬರೆದ ಸುರುಳಿಯನ್ನು ಕೊಳವೆಯಲ್ಲಿಟ್ಟು ಎದೆಯ ಮೇಲೆ ಧರಿಸುವುದು ಅದರ ಉದ್ದೇಶ. ಎದೆಯಿಂದ ಪಕ್ಕಕ್ಕೆ ಇಳಿಬಿಟ್ಟು ಧರಿಸುವ ಇನ್ನೊಂದು ರಕ್ಷೆಗೆ 'ಬೊಜ್ಬೆಂದ್' ಎಂದು ಹೆಸರು. ಪಾರಸಿಯ 'ಬಾಜೂಬಂದ್' ಪದವೇ ಅಲ್ಲಿ ಹೀಗಾಗಿದೆ. ಅದೇ ಪದ ದಕ್ಷಿಣಕ್ಕೆ ಬಂದು ಕನ್ನಡದಲ್ಲಿ ಬಾಜುಬಂದಿಯಾಗಿ ತೋಳಿನ ಆಭರಣವಾಗಿಯೇ ಉಳಿಯಿತು. ತುರ್ಕಮೆನ್ನರಲ್ಲಿ ಅದು ತೋಳನ್ನು ಬಿಟ್ಟು ಎದೆಯ ಪಕ್ಕಕ್ಕೆ ಇಳಿದಿದೆ. 'ಹೈಕೆಲ್' ಎಂಬುದು ಹೆಗಲಿನಿಂದ ತೂಗುವ ಚಪ್ಪಟೆಯಾದ ಚೀಲ. ಬೆಳ್ಳಿಯ ತಗಡುಗಳಿಂದ ಅಲಂಕೃತವಾದುದು. 'ದಗ್ದಾನ್' ಎಂಬುದು ಅದೇ ಹೆಸರಿನ ಮರದ ಕಟ್ಟಿಗೆಯನ್ನು ಕೆತ್ತಿ ಮಾಡಿದ ಸಣ್ಣ ತಾಯಿತ. ಅದನ್ನು ಮಕ್ಕಳಿಗೂ ಕಟ್ಟುತ್ತಾರೆ, ಒಂಟೆಗೂ ಕಟ್ಟುತ್ತಾರೆ. ಬಳಿಕ ಅದೇ ಆಕಾರವನ್ನು ಬೆಳ್ಳಿಯಲ್ಲಿಯೂ ಮಾಡತೊಡಗಿದರು.

ಗಂಡುಮಕ್ಕಳ ಅಂಗಿಯ ಬೆನ್ನಿಗೆ ಹೊಲಿಯುವ 'ಓಕ್-ಯಾಯ್' ಬಿಲ್ಲು ಬಾಣಗಳ ಆಕಾರದ್ದು. ಕಣ್ಣಿಗೆ ಕಾಣದ ವೈರಿಯು ಬೆನ್ನಹಿಂದೆ ಬರುತ್ತಾನಾದ್ದರಿಂದ ಆಯುಧವೂ ಅಲ್ಲಿಯೇ ಇರಬೇಕು. ಹಸುಳೆಯ ಅಂಗಿಯ ಅಂಚನ್ನು ಮಡಿಸಿ ಹೊಲಿಯದೆ ಹಾಗೆಯೇ ಬಿಡುವ ಪದ್ಧತಿಯೂ ಇವರಲ್ಲಿದೆ. ಅಂಚನ್ನು ಮುಗಿಸಿದರೆ ಬೆಳವಣಿಗೆಯೂ ಮುಗಿದೀತೆಂಬ ಅಂಜಿಕೆ. ಒಡವೆಗಳ ತುದಿಗೆ ಕಟ್ಟಿದ ಗೆಜ್ಜೆಗಳ ದನಿಯು ದುಷ್ಟಶಕ್ತಿಗಳನ್ನು ಓಡಿಸುವುದೆಂದು ನಂಬುತ್ತಾರೆ. ಒಂಟೆಯ ಉಣ್ಣೆಯಿಂದ ಹೊಸೆದ ಕಪ್ಪುಬಿಳಿಯ 'ಅಲಜಾ' ಹುರಿಯನ್ನೂ ದೃಷ್ಟಿಯ ನಿವಾರಣೆಗೆ ಕಟ್ಟುತ್ತಾರೆ. ಬೆಳ್ಳಿಯಿಲ್ಲದ ಡೇರೆಯಲ್ಲಿಯೂ ಉಣ್ಣೆಯ ಹುರಿ ಇದ್ದೇ ಇರುತ್ತದೆ.

ಇಲ್ಲಿ ಒಂದು ಮುಖ್ಯವಾದ ಪ್ರಶ್ನೆ ಏಳುತ್ತದೆ. ವಸ್ತುಸಂಗ್ರಹಾಲಯಗಳಲ್ಲಿರುವ ತುಮಾರ್‌ಗಳನ್ನು ಪರೀಕ್ಷಿಸಿದಾಗ ಅನೇಕವುಗಳಲ್ಲಿ ಬರಹದ ಸುರುಳಿಯಿಲ್ಲ. ಕಳೆದುಹೋಗಿರಬಹುದೆನ್ನೋಣ. ಆದರೆ ಕೆಲವು ಕೊಳವೆಗಳ ಎರಡು ತುದಿಗಳೂ ಬೆಸೆದು ಮುಚ್ಚಲ್ಪಟ್ಟಿವೆ. ಅವುಗಳನ್ನು ತೆರೆಯುವ ಉಪಾಯವೇ ಇಲ್ಲ. ಹುಟ್ಟಿನಿಂದಲೇ ಬರಿದಾದ ಈ ರಕ್ಷೆಗಳು ಯಾವುದರ ಬಲದಿಂದ ಕಾಯುತ್ತಿದ್ದವು? ಒಳಗೆ ಮಂತ್ರವಾಕ್ಯವಿಲ್ಲದಿದ್ದರೂ ತಾಯಂದಿರು ಅವನ್ನು ಕಟ್ಟಿದರು, ಮಕ್ಕಳು ಅವುಗಳ ನೆರಳಿನಲ್ಲಿ ಬೆಳೆದರು. ಕೆಲವು ವಿದ್ವಾಂಸರು ಇದನ್ನು ಇಸ್ಲಾಮಿಗಿಂತ ಹಿಂದಿನ ನಂಬಿಕೆಗಳ ಅವಶೇಷವೆಂದು ವಿವರಿಸಿದ್ದಾರೆ. ತ್ರಿಕೋನವೂ ದುಂಡುಬಿಲ್ಲೆಯೂ ಟಗರಿನ ಕೊಂಬಿನಂತಹ ಸುರುಳಿಗಳೂ ಪರ್ವತದ, ಸೂರ್ಯನ, ಸಂತಾನದ ಸಂಕೇತಗಳೆಂದು ಅವರ ವಾದ. ವಾದವು ಆಕರ್ಷಕವಾದುದೇ. ಆದರೆ ಆ ಸಂಕೇತಗಳನ್ನು ವಿವರಿಸುವ ಲಿಖಿತ ಗ್ರಂಥವನ್ನು ಅಲೆಮಾರಿ ಕುಲಗಳು ಬಿಟ್ಟುಹೋಗಲಿಲ್ಲ. ಆದ್ದರಿಂದ ಪ್ರತಿಯೊಂದು ಗೆರೆಗೂ ಅರ್ಥವನ್ನು ಹೊರಿಸುವುದು ಸಾಹಸವಾದೀತು. ಇನ್ನೊಂದು ಕಡೆ, ತಾಯಿತದ ವಿಷಯದಲ್ಲಿ ಇಸ್ಲಾಂ ಪಂಡಿತರಲ್ಲಿಯೂ ಏಕಾಭಿಪ್ರಾಯವಿರಲಿಲ್ಲ. ಕುರಾನಿನ ವಾಕ್ಯವನ್ನುಳ್ಳ ರಕ್ಷೆಯನ್ನು ಕೆಲವರು ಒಪ್ಪಿದರೆ, ದೇವರನ್ನು ಬಿಟ್ಟು ವಸ್ತುವನ್ನು ನಂಬುವುದು ಸಲ್ಲದೆಂದು ಕೆಲವರು ಅಲ್ಲಗಳೆದರು.

ಡೇರೆಯೊಳಗಿನ ತಾಯಿಗೆ ಈ ವಾದಗಳು ತಲುಪಿದ್ದವೋ ಇಲ್ಲವೋ, ಆಕೆಯ ಆಚರಣೆಯಲ್ಲಿ ಎರಡೂ ಬೆರೆತಿದ್ದವು. ಆಕೆಗೆ ಓದು ಬರುತ್ತಿರಲಿಲ್ಲ. ಸುರುಳಿಯಲ್ಲಿ ಏನು ಬರೆದಿದೆಯೆಂಬುದು ಆಕೆಗೆ ಎಂದೂ ಕಾಣುತ್ತಿರಲಿಲ್ಲ. ಕಾಣುತ್ತಿದ್ದುದು ಕೊಳವೆ ಮಾತ್ರ. ತನ್ನ ತಾಯಿಯ ಎದೆಯ ಮೇಲೆ ನೋಡಿದ್ದ, ತನ್ನ ಎದೆಯ ಮೇಲೆ ತೂಗಿದ, ಮುಂದೆ ಮಗಳಿಗೆ ಸೇರಲಿರುವ ಆ ಆಕಾರವೇ ಆಕೆಗೆ ವಾಕ್ಯವಾಗಿದ್ದಿತು. ಬರಿದಾದ ತುಮಾರ್ ಬರಿದೆಂದು ಆಕೆಗೆ ತೋರದಿದ್ದುದು ಈ ಕಾರಣದಿಂದ. ಅದರೊಳಗೆ ಇದ್ದದ್ದು ತಲೆಮಾರುಗಳ ಕೈಬದಲಾವಣೆ.

ಆ ಕೈಬದಲಾವಣೆಯು ಕಡಿದುಹೋದುದೇ ಮುಂದಿನ ಚರಿತ್ರೆ. 1869ರಲ್ಲಿ ಕಾಸ್ಪಿಯನ್ ದಡದಲ್ಲಿ ಕ್ರಾಸ್ನೊವೋದ್ಸ್ಕ್ ಕೋಟೆಯನ್ನು ಸ್ಥಾಪಿಸಿದ ರಷ್ಯನ್ನರು ಪೂರ್ವಕ್ಕೆ ಮುನ್ನಡೆದರು. 1880ರ ಡಿಸೆಂಬರಿನಲ್ಲಿ ಸೇನಾಪತಿ ಸ್ಕೋಬೆಲೆವನು ತೆಕೆ ಕುಲದವರು ಹೆಂಡಿರು ಮಕ್ಕಳೊಡನೆ ಆಶ್ರಯ ಪಡೆದಿದ್ದ ಗೋಕ್‌ತೆಪೆಯ ಮಣ್ಣಿನ ಕೋಟೆಯನ್ನು ಮುತ್ತಿದನು. 1881ರ ಜನವರಿ 24ರಂದು, ಅಂದರೆ ರಷ್ಯದ ಹಳೆಯ ಪಂಚಾಂಗದ 12ರಂದು, ಸುರಂಗದಲ್ಲಿಟ್ಟ ಮದ್ದು ಸಿಡಿದು ಗೋಡೆ ಬಿರಿಯಿತು. ಕೋಟೆಯೊಳಗೂ, ಮರಳಿನತ್ತ ಓಡಿದವರ ಬೆನ್ನಟ್ಟಿಯೂ ಸಾವಿರಾರು ಜನರನ್ನು ಕೊಂದರು. ಅನಂತರದ ಸುಲಿಗೆಯಲ್ಲಿ ಗಂಬಳಿಗಳೂ ಬೆಳ್ಳಿಯ ಒಡವೆಗಳೂ ಸೈನಿಕರ ಪಾಲಾದವು. ಬೆನ್ನನ್ನು ಕಾಯಬೇಕಾಗಿದ್ದ ಬಿಲ್ಲುಬಾಣದ ತಾಯಿತಕ್ಕೆ ಬಂದೂಕಿನ ಗುಂಡಿನ ಪರಿಚಯವಿರಲಿಲ್ಲ. 1884ರಲ್ಲಿ ಮರ್ವ್ ತಾನಾಗಿಯೇ ಶರಣಾಯಿತು. 1888ರ ಹೊತ್ತಿಗೆ ರೈಲುಮಾರ್ಗವು ಸಮರಕಂದವನ್ನು ಮುಟ್ಟಿತು. ದಾಳಿ ಮತ್ತು ದಾಸರ ವ್ಯಾಪಾರ ನಿಂತವು. ಶಾಂತಿಯ ಆ ಕೆಲವು ದಶಕಗಳಲ್ಲಿ ರಷ್ಯದ ಬೆಳ್ಳಿನಾಣ್ಯಗಳು ಹೇರಳವಾಗಿ ಬಂದು ಅಕ್ಕಸಾಲೆಗಳ ಕೆಲಸವೂ ಹೆಚ್ಚಿತೆಂಬುದು ಚರಿತ್ರೆಯ ವಿಚಿತ್ರ. 1900ರಿಂದ 1902ರವರೆಗೆ ಸಮುಯಿಲ್ ದೂದಿನ್ ಎಂಬಾತನು ಮಧ್ಯ ಏಷ್ಯದಲ್ಲಿ ಸಂಚರಿಸಿ ಪೀಟರ್ಸ್‌ಬರ್ಗಿನ ಸಂಗ್ರಹಾಲಯಕ್ಕಾಗಿ ಛಾಯಾಚಿತ್ರಗಳನ್ನೂ ವಸ್ತುಗಳನ್ನೂ ಸಂಗ್ರಹಿಸಿದುದು ಈ ಕಾಲದಲ್ಲಿಯೇ.

ಎರಡನೆಯ ಪೆಟ್ಟು ಹೆಚ್ಚು ಆಳವಾದುದು. 1924ರಲ್ಲಿ ತುರ್ಕಮೆನ್ ಸೋವಿಯತ್ ಗಣರಾಜ್ಯವು ರಚಿತವಾಯಿತು. 1930ರ ಸುಮಾರಿಗೆ ಹೊಲವೂ ಹಿಂಡೂ ಸಾಮೂಹಿಕ ಒಡೆತನಕ್ಕೆ ಹೋದವು, ಅಲೆಮಾರಿ ಬದುಕು ಮುಗಿಯಿತು, ಹಸಿವು ಬಂದಿತು. 1931ರಿಂದ 1936ರವರೆಗೆ ಸೋವಿಯತ್ ಸರಕಾರವು 'ತೋರ್ಗ್‌ಸಿನ್' ಎಂಬ ಅಂಗಡಿಗಳನ್ನು ನಡೆಸಿ ಬಂಗಾರ ಬೆಳ್ಳಿಗಳಿಗೆ ಬದಲಾಗಿ ಹಿಟ್ಟು ಮೊದಲಾದ ಆಹಾರವನ್ನು ಕೊಡುತ್ತಿದ್ದಿತು. ಅಲ್ಲಿ ಒಡವೆಯ ಕುಲವನ್ನಾಗಲಿ ಕೆತ್ತನೆಯನ್ನಾಗಲಿ ನೋಡುವವರಿರಲಿಲ್ಲ; ತೂಕವೊಂದೇ ಲೆಕ್ಕ. ತುಮಾರ್ ಕೊನೆಯ ಬಾರಿಗೆ ಮಕ್ಕಳನ್ನು ಕಾಯ್ದದ್ದು ಹೀಗೆ: ಮಂತ್ರವಾಗಿ ಅಲ್ಲ, ಹಿಟ್ಟಾಗಿ. ಅದೇ ವರ್ಷಗಳಲ್ಲಿ ಅನೇಕ ಕುಟುಂಬಗಳು ಗಡಿ ದಾಟಿ ಇರಾನ್ ಮತ್ತು ಅಫಘಾನಿಸ್ತಾನಗಳನ್ನು ಸೇರಿದವು. ಅವರೊಡನೆ ಹೋದ ಬೆಳ್ಳಿಯು ಮುಂದೆ 1960 ಮತ್ತು 1970ರ ದಶಕಗಳಲ್ಲಿ ಕಾಬೂಲಿನ ಅಂಗಡಿಬೀದಿಗಳಲ್ಲಿ ವಿದೇಶೀ ಪ್ರವಾಸಿಗರ ಕಣ್ಣಿಗೆ ಬಿದ್ದಿತು. 1979ರಲ್ಲಿ ಸೋವಿಯತ್ ಸೈನ್ಯವು ಅಫಘಾನಿಸ್ತಾನವನ್ನು ಹೊಕ್ಕ ಮೇಲೆ ಓಡಿಬಂದ ನಿರಾಶ್ರಿತರು ಉಳಿದುದನ್ನು ಪೇಶಾವರದ ಪೇಟೆಯಲ್ಲಿ ಮಾರಿದರು.

ಹೀಗೆ ಚದುರಿದ ಒಡವೆಗಳು ಯುರೋಪು ಅಮೆರಿಕಗಳ ಸಂಗ್ರಹಗಳನ್ನು ಸೇರಿವೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯಕ್ಕೆ ಮಾರ್ಷಲ್ ಮತ್ತು ಮೆರಿಲಿನ್ ವುಲ್ಫ್ ದಂಪತಿಗಳು ಕೊಟ್ಟ ತುರ್ಕಮೆನ್ ಬೆಳ್ಳಿಯ ಸಂಗ್ರಹವು ಪ್ರಸಿದ್ಧವಾದುದು. ಅದನ್ನು ಕುರಿತು ಲೈಲಾ ದೀಬಾ ಅವರ ಗ್ರಂಥವು 2011ರಲ್ಲಿ ಪ್ರಕಟವಾಯಿತು. ಬೇಡಿಕೆ ಹೆಚ್ಚಿದಂತೆ ನಕಲಿ ಒಡವೆಗಳೂ ಹುಟ್ಟಿಕೊಂಡವು. ನಿಕಲ್ ಬೆರೆತ ಅಗ್ಗದ ಲೋಹಕ್ಕೆ ಗಾಜನ್ನು ಕೂರಿಸಿ, ಹೊಗೆ ಹಿಡಿಸಿ ಪ್ರಾಚೀನವೆಂದು ಮಾರುವುದುಂಟು. ಹಳೆಯ ಒಡವೆಯನ್ನು ಗುರುತಿಸುವುದು ಅದರ ಸವೆತದಿಂದ. ಬಟ್ಟೆಗೆ ಉಜ್ಜಿದ ಹಿಂಭಾಗ, ಕೊಂಡಿ ಎಳೆದು ತೆಳುವಾದ ಉಂಗುರ, ಬೆರಳು ಮುಟ್ಟಿ ಮುಟ್ಟಿ ಹೊನ್ನು ಅಳಿದ ಅಂಚು ಇವು ಧರಿಸಿದವಳ ಬಾಳಿನ ಗುರುತುಗಳು. ಸಂಗ್ರಾಹಕನು ಹಣ ಕೊಡುವುದು ಈ ಸವೆತಕ್ಕೆ. ಆದರೆ ಸವೆಸಿದವಳ ಹೆಸರು ಯಾವ ಪಟ್ಟಿಯಲ್ಲಿಯೂ ಇಲ್ಲ. ಕುಲದ ಹೆಸರಿದೆ, ಲೋಹದ ವಿವರವಿದೆ, ಉದ್ದ ಅಗಲಗಳಿವೆ. ಯಾವ ಮಗುವಿನ ಜ್ವರಕ್ಕೆ ಇದನ್ನು ಕಟ್ಟಿದ್ದರು, ಯಾವ ಬರಗಾಲದಲ್ಲಿ ಬಿಚ್ಚಿದರು ಎಂಬುದನ್ನು ಕೊಳ್ಳುವವರು ಕೇಳಲಿಲ್ಲ, ಮಾರುವವರು ಹೇಳಲಿಲ್ಲ.

1991ರಲ್ಲಿ ತುರ್ಕಮೆನಿಸ್ತಾನವು ಸ್ವತಂತ್ರವಾದ ಬಳಿಕ ಹಳೆಯ ಒಡವೆಗಳಿಗೆ ರಾಷ್ಟ್ರದ ಗೌರವವು ದೊರೆತಿದೆ. ಮದುಮಗಳು ಬೆಳ್ಳಿಯ ಭಾರದಲ್ಲಿ ಬಾಗಿ ನಡೆಯುವ ದೃಶ್ಯವನ್ನು ಇಂದಿಗೂ ಅಲ್ಲಿ ಕಾಣಬಹುದು. ಗುಲ್ಯಾಕಾ ಬಿಲ್ಲೆಯು ಈಗಲೂ ಹೆಂಗಸರ ಕೊರಳಪಟ್ಟಿಯ ಮೇಲೆ ಹೊಳೆಯುತ್ತದೆ. ಗೋಕ್‌ತೆಪೆಯಲ್ಲಿ ಮಡಿದವರ ನೆನಪಿಗಾಗಿ ಒಂದು ಮಸೀದಿಯೂ ಎದ್ದಿದೆ.

ತಾಯಿತವು ಸಾವನ್ನು ತಡೆಯಲಿಲ್ಲ, ಸೋಲನ್ನು ತಡೆಯಲಿಲ್ಲ, ಹಸಿವನ್ನೂ ತಡೆಯಲಿಲ್ಲ ಎಂಬುದನ್ನು ಚರಿತ್ರೆಯು ಸ್ಪಷ್ಟವಾಗಿ ತೋರಿಸಿದೆ. ಲೋಹಕ್ಕೆ ಅಂತಹ ಶಕ್ತಿಯಿಲ್ಲ. ಆದರೆ ನಾಳೆ ಏನಾಗುವುದೋ ಎಂದು ನಡುಗುವ ತಾಯಿಯು ತನ್ನ ಕೈಲಾದುದೆಲ್ಲವನ್ನೂ ಮಾಡಿ ಮುಗಿಸಿದ ಮೇಲೆಯೂ ಇನ್ನೊಂದು ಗಂಟನ್ನು ಹಾಕುತ್ತಾಳೆ. ಬೆಸೆದು ಮುಚ್ಚಿದ ಆ ಬೆಳ್ಳಿಯ ಕೊಳವೆಗಳಲ್ಲಿ ಬರಹವಿಲ್ಲದಿರಬಹುದು. ಅವನ್ನು ಕಟ್ಟಿದ ಕೈಗಳ ಪ್ರೀತಿಯು ಅಲ್ಲಿದ್ದಿತೆಂಬುದಕ್ಕೆ ಸವೆದ ಅಂಚುಗಳೇ ಪ್ರಮಾಣ.